ಕೋಟೆ ಒಳಗಿಂದಲೋ, ಹೊರಗಿಂದಲೋ?

ಆಲ್ಪ್ಸ್ ಸುತ್ತಲಿನ ಕೋಟೆ, ಅರಮನೆ, ಹಳೇ ಊರುಗಳ ಗುಂಪು ಪ್ರವಾಸದ ಬಗ್ಗೆ ಏನೇ ಅನುಮಾನ ಇದ್ದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಚೀಲ ತುಂಬ ಪತ್ರ ಬಂತು ಅಂದರೆ ಸುಳ್ಳಾಗುತ್ತದೆ, ಈಗೆಲ್ಲ ವಾಟ್ಸ್ಆ್ಯಪ್. ಮೂವರು ಮಾತ್ರ ಅಂಚೆಯಲ್ಲಿ ಬರೆದಿದ್ದಾರೆ, ಅದರಲ್ಲಿ ಒಬ್ಬರದು ಎಷ್ಟು ಚಂದದ ಅಕ್ಷರ ಅಂದರೆ ಪತ್ರವನ್ನು ಇಟ್ಟುಕೊಂಡಿದ್ದೇನೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ: ಸಾಗರದ ಕಡೆಯವಳು. ಇಪ್ಪತ್ತೊಂದು ವರ್ಷ ಟೂರ್ ಮ್ಯಾನೇಜರ್ ಆಗಿ ಗುಂಪು ಕರೆದುಕೊಂಡು ಹೋಗಿದ್ದೇನೆ. ಹಳದಿ ಛತ್ರಿ ಎತ್ತಿ ಹಿಡಿದು ಮುಂದೆ ನಡೆಯುತ್ತಾ, ಹಿಂದೆ ತಿರುಗಿ ತಲೆ ಎಣಿಸುವವಳು ಒಬ್ಬಳು ಇರುತ್ತಾಳಲ್ಲ, ಅವಳೇ ನಾನು.

ಮೂರು ಕಂಪನಿಗಳ ಬ್ರೋಷರ್ ತರಿಸಿದ್ದೇನೆ. ಮೂರರಲ್ಲೂ ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆ ಇದೆ. ಆದರೆ ಒಂದರ ದರ ಇಪ್ಪತ್ತು ಸಾವಿರ ಜಾಸ್ತಿ. ಯಾಕೆ? ನನಗೆ 64 ವರ್ಷ, ಮಂಡಿನೋವು ಬೇರೆ. — ನಿವೃತ್ತ ಕನ್ನಡ ಶಿಕ್ಷಕಿ, ಹಾಸನ

ಮೇಡಂ, ಆ ಮೂರನ್ನೂ ಮತ್ತೆ ತೆಗೆಯಿರಿ. ಈ ಸಲ ಅರಮನೆಯ ಹೆಸರು ನೋಡಬೇಡಿ, ಅದರ ಪಕ್ಕದಲ್ಲಿರುವ ಪದ ನೋಡಿ. ಮಕ್ಕಳಿಗೆ ವ್ಯಾಕರಣ ಕಲಿಸಿದವರು ನೀವು, ನಿಮಗೆ ಇದು ಸುಲಭ.

'ಡ್ರೈವ್ ಪಾಸ್ಟ್' ಅಂತ ಇದ್ದರೆ ಬಸ್ಸಿನ ಕಿಟಕಿಯಲ್ಲೇ ದರ್ಶನ. ಎಡಗಡೆ ಸೀಟಿನವರಿಗೆ ಪುಣ್ಯ, ಬಲಗಡೆಯವರಿಗೆ ಮುಂದಿನ ಜನ್ಮ. 'ಫೋಟೋ ಸ್ಟಾಪ್' ಅಂದರೆ ಇಪ್ಪತ್ತು ನಿಮಿಷ ಇಳಿಸುತ್ತಾರೆ, ದೂರದಿಂದ ಫೋಟೋ, ಮತ್ತೆ ಬಸ್. 'ಓರಿಯೆಂಟೇಷನ್ ಟೂರ್' ಅಂದರೆ ಊರಿನ ಒಂದು ಸುತ್ತು ಹೊಡೆಸಿ ಇಂಥದ್ದು ಇಲ್ಲಿದೆ ಅಂತ ತೋರಿಸುವುದು. 'ವಿಸಿಟ್' ಅನ್ನೋದು ಇವುಗಳಲ್ಲೆಲ್ಲ ಕಿಲಾಡಿ ಪದ. ಒಳಗೆ ಅಂತಲೂ ಆಗಬಹುದು, ಗೇಟಿನ ತನಕ ಅಂತಲೂ ಆಗಬಹುದು. 'ಎಂಟ್ರೆನ್ಸ್ ಇನ್‌ಕ್ಲೂಡೆಡ್' ಅಂತ ಬರೆದಿದ್ದರೆ ಮಾತ್ರ ನಿಮ್ಮ ಕಾಲು ಅರಮನೆಯ ಒಳಗೆ ಬೀಳುತ್ತದೆ. ಆ ಇಪ್ಪತ್ತು ಸಾವಿರ ಜಾಸ್ತಿ ಇರುವ ಬ್ರೋಷರಿನಲ್ಲಿ ಈ ಎರಡು ಪದ ಎಷ್ಟು ಕಡೆ ಇದೆ ಎಣಿಸಿ. ಎಲ್ಲೂ ಇಲ್ಲದಿದ್ದರೆ ಅದು ಹೋಟೆಲ್‌ನ ಸ್ಟಾರ್‌ಗೆ ಕೊಡುತ್ತಿರುವ ದುಡ್ಡು.

ಇನ್ನು ಮಂಡಿ. ಟಿಕೆಟ್ ಕೌಂಟರ್ ಇರುವುದು ಕೆಳಗಿನ ಹೋಹೆನ್‌ಶ್ವಾಂಗೌ ಹಳ್ಳಿಯಲ್ಲಿ. ಅಲ್ಲಿಂದ ಅರಮನೆಗೆ ಸುಮಾರು ಒಂದೂವರೆ ಕಿಲೋಮೀಟರ್, ಪೂರ್ತಿ ಏರು. ಆರಾಮಾಗಿ ನಡೆದರೆ ಮುಕ್ಕಾಲು ಗಂಟೆ. ನಡೆಯಲಾಗದವರಿಗೆ ಶಟಲ್ ಬಸ್ ಇದೆ, ಕುದುರೆ ಗಾಡಿಯೂ ಇದೆ. ಎಲ್ಲರೂ ಬಸ್ಸೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಬಸ್ ನಿಲ್ಲುವುದು ಅರಮನೆಗಿಂತ ಮೇಲೆ, ಮರೀನ್‌ಬ್ರೂಕೆ ಅನ್ನುವ ಸೇತುವೆಯ ಹತ್ತಿರ. ಅಲ್ಲಿಂದ ಹದಿನೈದು ನಿಮಿಷ ಕಡಿದಾದ ಇಳಿಜಾರು. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅಂತ ನಿಮಗೆ ಗೊತ್ತೇ ಇದೆಯಲ್ಲ. ಕುದುರೆ ಗಾಡಿ ಅರಮನೆಯ ಕೆಳಗೆ ನಿಲ್ಲುತ್ತದೆ, ಉಳಿದದ್ದು ಸಣ್ಣ ಏರು. ನಿಮಗೆ ಗಾಡಿಯೇ ಸರಿ. ಅದರ ಬಾಡಿಗೆ ಕೈಯಿಂದಲೇ ಕೊಡಬೇಕು, ಚಿಲ್ಲರೆ ಯೂರೋ ಇಟ್ಟುಕೊಂಡಿರಿ. ಒಳಗೆ ಹತ್ತಿ ಇಳಿಯುವ ಮೆಟ್ಟಿಲು ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು. ಗೈಡ್ ಜೊತೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ನಡುವೆ ಕೂರಲು ಬಿಡುವುದಿಲ್ಲ. ಫೋಟೋ ತೆಗೆಯುವಂತಿಲ್ಲ.

ಟಿಕೆಟ್ ಮೇಲೆ ಗಂಟೆ ನಿಮಿಷ ಎರಡೂ ಇರುತ್ತದೆ. ಅದು ತಪ್ಪಿದರೆ ಒಳಗೆ ಬಿಡುವುದಿಲ್ಲ. ಒಂದು ಸಲ ನನ್ನ 38 ಜನರ ಗುಂಪು ಹೀಗೆ ತಪ್ಪಿಸಿಕೊಂಡಿತು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಚಾಕೊಲೇಟ್ ಕೊಳ್ಳಲು ಹದಿನೈದು ನಿಮಿಷ ಕೊಟ್ಟಿದ್ದೆ, ಅವರು ನಲವತ್ತು ಮಾಡಿದರು. ಗೇಟಿನ ಮುಂದಿನ ಬೋರ್ಡಿನಲ್ಲಿ ನಮ್ಮ ಗುಂಪಿನ ನಂಬರ್ ಬಂದು ಹೋಗಿತ್ತು, ಮುಂದಿನ ನಂಬರ್ ಮಿನುಗುತ್ತಿತ್ತು. ಅಷ್ಟು ದೂರ ಹೋಗಿ ಬಾಗಿಲಿಂದ ವಾಪಸ್. ತಪ್ಪು ನನ್ನದೇ, ಗದರಿ ಎಬ್ಬಿಸಬೇಕಿತ್ತು. ಅಂದಿನಿಂದ ಅರಮನೆ ನೋಡುವ ದಿನ ಚಾಕೊಲೇಟ್ ಅಂಗಡಿ ವಾಪಸ್ ಬರುವಾಗ ಮಾತ್ರ.

ನಾಯ್‌ಶ್ವಾನ್‌ಸ್ಟೈನ್ ಎಷ್ಟನೇ ಶತಮಾನದ್ದು? ಅಲ್ಲಿ ಯಾವ ಯುದ್ಧ ನಡೆದಿತ್ತು? — ಬಿ.ಎ. ವಿದ್ಯಾರ್ಥಿ, ದಾವಣಗೆರೆ

ಯಾವ ಯುದ್ಧಕ್ಕೂ ಕಟ್ಟಿದ್ದಲ್ಲ ತಮ್ಮ. ಹಳೇ ಕಾಲದ್ದೂ ಅಲ್ಲ. ಅಡಿಗಲ್ಲು ಇಟ್ಟಿದ್ದು 1869ರಲ್ಲಿ. ನಮ್ಮ ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು 1912ಕ್ಕೆ ಮುಗಿಯಿತಲ್ಲ, ಹೆಚ್ಚುಕಡಿಮೆ ಅದೇ ಕಾಲದವು ಎರಡೂ.

ಕಟ್ಟಿಸಿದವನು ಈಗ ಜರ್ಮನಿಯ ಭಾಗವಾಗಿರುವ ಬವೇರಿಯಾದ ರಾಜ ಎರಡನೇ ಲುಡ್ವಿಗ್. ಹದಿನೆಂಟಕ್ಕೆ ಪಟ್ಟ ಏರಿದ ಹುಡುಗ. ಎರಡೇ ವರ್ಷಕ್ಕೆ ಉತ್ತರದ ಬಲಿಷ್ಠ ಜರ್ಮನ್ ರಾಜ್ಯ ಪ್ರಷ್ಯಾದ ಕೈಲಿ ಯುದ್ಧ ಸೋತ, ರಾಜ ಅನ್ನುವುದು ಬರೀ ಹೆಸರಿಗೆ ಉಳಿಯಿತು. ಆಗ ಅವನು ನಿಜವಾದ ರಾಜ್ಯ ಬಿಟ್ಟು ತನ್ನದೇ ಒಂದು ಹಳೇ ಕಾಲ ಕಟ್ಟಿಕೊಳ್ಳಲು ಹೊರಟ. ವಾಗ್ನರ್‌ನ ಸಂಗೀತ ನಾಟಕಗಳ ಹುಚ್ಚು ಬೇರೆ, ಗೋಡೆ ತುಂಬ ಅವೇ ಕಥೆಗಳ ಚಿತ್ರ. ಹೊರಗಿಂದ ಮಧ್ಯಯುಗದ ಕೋಟೆ. ಒಳಗೆ ನೋಡಿದರೆ ನಲ್ಲಿ ನೀರು, ಬಿಸಿಗಾಳಿಯಿಂದ ಕೋಣೆ ಬೆಚ್ಚಗಿಡುವ ವ್ಯವಸ್ಥೆ, ಆಳುಗಳನ್ನು ಕರೆಯಲು ಕರೆಂಟ್ ಗಂಟೆ, ಟೆಲಿಫೋನ್ ಕೂಡ. ಸಿಂಹಾಸನದ ಸಭಾಂಗಣ ಇದೆ, ಸಿಂಹಾಸನ ಇಲ್ಲ. ಮಾಡಿಸುವಷ್ಟರಲ್ಲಿ ರಾಜ ಹೋಗಿಬಿಟ್ಟ.

ಸಾಲ ತಲೆ ಮೇಲೆ ಬಂದು, 1886ರ ಜೂನ್‌ನಲ್ಲಿ ಮಂತ್ರಿಗಳು ಅವನಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಅಂತ ವೈದ್ಯರಿಂದ ಬರೆಸಿಕೊಂಡರು. ಬರೆದುಕೊಟ್ಟ ವೈದ್ಯ ಅವನನ್ನು ಪರೀಕ್ಷೆಯನ್ನೇ ಮಾಡಿರಲಿಲ್ಲ. ಇದೇ ಅರಮನೆಯಿಂದ ಅವನನ್ನು ಕರೆದೊಯ್ದರು. ಮರುದಿನ, ಜೂನ್ 13ರ ರಾತ್ರಿ, ಸ್ಟಾರ್ನ್‌ಬರ್ಗ್ ಸರೋವರದಲ್ಲಿ ರಾಜನ ಹೆಣ ಸಿಕ್ಕಿತು, ಅದೇ ವೈದ್ಯನದ್ದೂ ಸಿಕ್ಕಿತು. ಏನಾಯಿತು ಅಂತ ಇವತ್ತಿಗೂ ಜಗಳ ಆಡುತ್ತಾರೆ. ಅವನು ಈ ಅರಮನೆಯಲ್ಲಿ ಮಲಗಿದ್ದು ಎಲ್ಲ ಸೇರಿಸಿದರೂ ಆರು ತಿಂಗಳು ತುಂಬುವುದಿಲ್ಲ. ಸತ್ತು ಏಳು ವಾರಕ್ಕೆ, ಸಾಲ ತೀರಿಸಲು ಟಿಕೆಟ್ ಹಾಕಿ ಜನರಿಗೆ ತೆರೆದರು. ಅಪರಿಚಿತರು ಒಳಗೆ ಕಾಲಿಡಬಾರದು ಅಂತಿದ್ದ ರಾಜ! 2025ರಲ್ಲಿ ಇದೂ ಸೇರಿ ಲುಡ್ವಿಗ್‌ನ ನಾಲ್ಕು ಅರಮನೆಗಳು ಯುನೆಸ್ಕೋ ಪಟ್ಟಿಗೆ ಬಂದವು.

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ನೆರಳಲ್ಲಿ ಹುಟ್ಟಿ ಬೆಳೆದವನು ನಾನು. ಮಗಳು ಟಿಕೆಟ್ ಮಾಡಿಸುತ್ತೇನೆ ಅಂತ ಕೂತಿದ್ದಾಳೆ. ಕೋಟೆ ನೋಡಲು ಅಷ್ಟು ದೂರ ಹೋಗಬೇಕಾ? — ಓದುಗರು, ಚಿತ್ರದುರ್ಗ

ಚಂದದ ಅಕ್ಷರದ ಪತ್ರ ಇವರದೇ. ಸಾರ್, ಹೋಗಿ. ಕಲ್ಲಿನ ಕೆಲಸ ನೋಡಲು ಹೋಗಬೇಡಿ, ಅದು ನಿಮ್ಮ ಮನೆ ಹಿಂದೆಯೇ ಇದೆ. ಯಾಕೆ ಅಲ್ಲೇ ಕಟ್ಟಿದರು ಅಂತ ನೋಡಲು ಹೋಗಿ.

ಆಲ್ಪ್ಸ್ ಒಂದು ದೊಡ್ಡ ಗೋಡೆ ಇದ್ದ ಹಾಗೆ. ಆಚೆ ಇಟಲಿ, ಈಚೆ ಜರ್ಮನಿ. ನಡುವೆ ದಾಟಲು ಕೆಲವೇ ಕಣಿವೆದಾರಿ. ನಮ್ಮಲ್ಲಿ ಘಟ್ಟ ಇಳಿಯಲು ಆಗುಂಬೆ, ಶಿರಾಡಿ, ಚಾರ್ಮಾಡಿ ಅಂತ ಎಣಿಸುತ್ತೇವಲ್ಲ, ಹಾಗೆ. ಆ ದಾರಿಯ ಬಾಯಲ್ಲಿ ಯಾರು ಕೂತರೋ ಅವರಿಗೆ ಸುಂಕ. ಅಲ್ಲಿನ ಎಷ್ಟೋ ಹಳೇ ಕೋಟೆ ಅಂದರೆ ಗೋಡೆ ಕಟ್ಟಿದ ಸುಂಕದಕಟ್ಟೆ.

ಇದನ್ನು ಕಣ್ಣಾರೆ ನೋಡಬೇಕಾದರೆ ದಕ್ಷಿಣ ಸ್ವಿಟ್ಜರ್ಲೆಂಡಿನ ಬೆಲಿನ್ಜೋನಾಗೆ ಹೋಗಬೇಕು. ಸೇಂಟ್ ಗೊಟ್ಟಾರ್ಡ್, ಸ್ಯಾನ್ ಬರ್ನಾರ್ಡಿನೋ, ಲುಕ್‌ಮನಿಯರ್ ಮೂರೂ ಕಣಿವೆದಾರಿಗಳಿಂದ ಇಳಿದು ಬಂದವರು ಈ ಊರು ದಾಟದೆ ಇಟಲಿಗೆ ಹೋಗುವಂತಿಲ್ಲ. ಅಲ್ಲಿ ಮೂರು ಕೋಟೆ. ಕಾಸ್ಟೆಲ್‌ಗ್ರಾಂಡೆ ಊರಿನ ನಡುವಿನ ಬಂಡೆಯ ಮೇಲೆ, ಮೊಂಟೆಬೆಲ್ಲೋ ಅದರ ಮೇಲಿನ ದಿನ್ನೆಯಲ್ಲಿ, ಸಾಸ್ಸೋ ಕೊರ್ಬಾರೋ ಇನ್ನೂ ಮೇಲೆ. ಕಾಸ್ಟೆಲ್‌ಗ್ರಾಂಡೆಯಿಂದ ಒಂದು ಉದ್ದ ಗೋಡೆ ಕಣಿವೆಗೆ ಅಡ್ಡ ಹೊರಡುತ್ತದೆ. ಮಿಲಾನಿನ ದೊರೆಗಳು ಹದಿನೈದನೇ ಶತಮಾನದಲ್ಲಿ ಬಡಗಣದ ಸ್ವಿಸ್ ಜನ ಇಳಿದು ಬಾರದಿರಲಿ ಅಂತ ಕಣಿವೆಗೇ ಬಾಗಿಲು ಹಾಕಿಬಿಟ್ಟರು. ಆ ಗೋಡೆಯ ಮೇಲೆ ನಡೆಯಬಹುದು. ನಡೆಯುತ್ತಾ ಎಡಕ್ಕೆ ಬಲಕ್ಕೆ ನೋಡಿದರೆ ಸಾಕು, ಗೈಡ್ ಬೇಡ. 2000ನೇ ಇಸವಿಯಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಆದರೂ ನಮ್ಮ ಬಸ್ಸುಗಳು ಅಲ್ಲಿ ನಿಲ್ಲುವುದೇ ಅಪರೂಪ. ಹಿಮ ಇಲ್ಲ, ಸಿನಿಮಾ ಶೂಟಿಂಗ್ ಜಾಗ ಅಲ್ಲ, ಅದಕ್ಕೇ ಇರಬೇಕು. ಸ್ವಿಟ್ಜರ್ಲೆಂಡಿನದೇ ಲೂಸರ್ನ್ ಊರಿನಲ್ಲಿ ನಿಮಗೊಂದು ಖಾಲಿ ದಿನ ಸಿಕ್ಕರೆ ರೈಲು ಹತ್ತಿ. 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗದಲ್ಲಿ ಪರ್ವತದ ಅಡಿಯಲ್ಲೇ ದಾಟಿ ಅಲ್ಲಿಗೆ ಮುಟ್ಟಿಸುತ್ತದೆ. ಊರಿನ ಚೌಕದಿಂದ ಬಂಡೆ ಕೊರೆದು ಲಿಫ್ಟ್ ಇಟ್ಟಿದ್ದಾರೆ. ನಿಮ್ಮ ದುರ್ಗದಲ್ಲಿ ಹೀಗೆ ಲಿಫ್ಟ್ ಇಟ್ಟರೆ ಜನ ಏನಂತಾರೋ ಗೊತ್ತಿಲ್ಲ!

ಇನ್ನೊಂದು ಆಸ್ಟ್ರಿಯಾದ ಸಾಲ್ಜ್‌ಬರ್ಗ್. ಇದು ಎಲ್ಲರ ಪಟ್ಟಿಯಲ್ಲೂ ಇದೆ, ಆದರೆ ಎಲ್ಲರೂ ಮೊಜಾರ್ಟ್ ಹುಟ್ಟಿದ ಮನೆಯ ಮುಂದೆ ಸೆಲ್ಫಿ ತಗೊಂಡು ಬರುತ್ತಾರೆ. ಊರಿನ ಹೆಸರಲ್ಲೇ ಉಪ್ಪು ಇದೆ, ಸಾಲ್ಜ್ ಅಂದರೆ ಉಪ್ಪು. ಹತ್ತಿರದ ಹಾಲೈನ್ ಬೆಟ್ಟದಿಂದ ಉಪ್ಪು ತೆಗೆದು ಹೊಳೆಯಲ್ಲಿ ದೋಣಿಗೆ ಹಾಕಿ ಕಳಿಸುತ್ತಿದ್ದರು. ಆಳುತ್ತಿದ್ದವರು ರಾಜರಲ್ಲ, ಆರ್ಚ್‌ಬಿಷಪ್‌ಗಳು, ಅಂದರೆ ಚರ್ಚಿನ ಹಿರಿಯ ಧರ್ಮಗುರುಗಳು. ಅವರು 1077ರಲ್ಲಿ ಶುರು ಮಾಡಿದ ಕೋಟೆಯೇ ಊರ ಮೇಲೆ ಕಾಣುವ ಹೋಹೆನ್‌ಸಾಲ್ಜ್‌ಬರ್ಗ್. ಮುತ್ತಿಗೆ ಹಾಕಿ ಅದನ್ನು ಗೆದ್ದವರೇ ಇಲ್ಲ. ಮೇಲೆ ಹೋಗಲು 1892ರಿಂದ ಹಳಿಗಾಡಿ ಇದೆ. ಅದಲ್ಲದೆ ಇನ್ನೊಂದು ಕಡೆ ಸಾಮಾನು ಸಾಗಿಸುವ ಹಳೇ ಹಗ್ಗದ ಗಾಡಿ ದಾರಿ ಇದೆ. ಐನೂರು ವರ್ಷದಿಂದ ಅದೇ ದಾರಿ, ಇವತ್ತಿಗೂ ಓಡುತ್ತದೆ. ಕೋಟೆ ಗೋಡೆಯ ಮೇಲೆ ಅಲ್ಲಲ್ಲಿ ಟರ್ನಿಪ್ ಗಡ್ಡೆಯ ಕೆತ್ತನೆ ಕಾಣುತ್ತದೆ. ಕೋಟೆ ದೊಡ್ಡದು ಮಾಡಿದ ಆರ್ಚ್‌ಬಿಷಪ್‌ನ ಮನೆತನದ ಲಾಂಛನ ಅದು. ಸಿಂಹ ಅಲ್ಲ, ಹದ್ದು ಅಲ್ಲ, ಗಡ್ಡೆ!

ಈಗ ನನಗೆ ಇಷ್ಟದ ಜಾಗ. ಊರಿನ ಈಚೆ ದಡದಲ್ಲಿ ಮಿರಾಬೆಲ್ ಉದ್ಯಾನ ಅಂತ ಇದೆ, ಎಲ್ಲ ಗುಂಪಿಗೂ ಅಲ್ಲಿ ಫೋಟೋ ಸ್ಟಾಪ್. ಹೂವಿನ ಪಾತಿ ಮುಂದೆ, ಕೋಟೆ ಹಿಂದೆ. ಅಲ್ಲಿನ ಅರಮನೆಯನ್ನು 1606ರಲ್ಲಿ ಕಟ್ಟಿಸಿದ್ದು ವೋಲ್ಫ್ ಡೀಟ್ರಿಕ್ ಅನ್ನುವ ಆರ್ಚ್‌ಬಿಷಪ್, ತನ್ನ ಪ್ರಿಯತಮೆ ಸಲೋಮೆ ಆಲ್ಟ್‌ಗಾಗಿ. ಮದುವೆ ಆಗುವಂತಿಲ್ಲದ ಧರ್ಮಗುರು, ಆದರೆ ಅವರಿಬ್ಬರಿಗೆ ಮಕ್ಕಳು ಹದಿನೈದು. ಮುಂದೆ ಉಪ್ಪಿನ ವ್ಯಾಪಾರದಲ್ಲಿ ಪಕ್ಕದ ಬವೇರಿಯಾದ ಜೊತೆ ಕಾಲು ಕೆರೆದು ಜಗಳಕ್ಕೆ ಹೋಗಿ ಸೋತ. ಪದವಿ ಕಿತ್ತುಕೊಂಡು ಅವನನ್ನು ಅವನದೇ ಕೋಟೆಯಲ್ಲಿ ಸೆರೆ ಇಟ್ಟರು. 1617ರಲ್ಲಿ ಅಲ್ಲೇ ಸತ್ತ. ಆ ಉದ್ಯಾನದಲ್ಲಿ ನಿಂತು ಫೋಟೋ ತೆಗೆದರೆ ಪ್ರೀತಿಗೆ ಕಟ್ಟಿಸಿದ ಮನೆಯ ಅಂಗಳ, ಸೆರೆಯಲ್ಲಿ ಸತ್ತ ಕೋಟೆ ಎರಡೂ ಒಂದೇ ಚೌಕಟ್ಟಿನಲ್ಲಿ ಬೀಳುತ್ತವೆ. ನಮ್ಮ ಗುಂಪಿಗೆ ಇದನ್ನು ಹೇಳಿದ ಮೇಲೆ ಫೋಟೋ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತವರಿದ್ದಾರೆ.

ಧಾರವಾಡ ಪೇಡಾ, ತುಪ್ಪ, ಶೇಂಗಾ ಚಟ್ನಿ, ಜೋಳದ ಖಡಕ್ ರೊಟ್ಟಿ ಒಯ್ಯಬಹುದೇನ್ರಿ? — ದಂಪತಿ, ಧಾರವಾಡ

ರೊಟ್ಟಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ನನಗೂ ಒಂದು ಕಟ್ಟು ಇರಲಿ. ತುಪ್ಪ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಎರಡನ್ನೂ ಹೊರದೇಶದ ಪ್ರಯಾಣಿಕರು ಯುರೋಪ್ ಒಕ್ಕೂಟದ ಒಳಗೆ ತರುವಂತಿಲ್ಲ. ಪೇಡಾ ಅಂದರೆ ಕಾಯಿಸಿದ ಹಾಲೇ ಅಲ್ವಾ, ಕಸ್ಟಮ್ಸ್‌ನವರ ಮುಂದೆ ನಿಂತು ಅದು ಹಾಲೋ ಮಿಠಾಯಿಯೋ ಅಂತ ವಾದ ಮಾಡುವುದು ಯಾಕೆ, ಬಿಟ್ಟುಬಿಡಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು ಕೂಡ ಬೇಡ, ಅದಕ್ಕೆ ಸರ್ಟಿಫಿಕೇಟ್ ಕೇಳುತ್ತಾರೆ. ಒಣಗಿಸಿ ಪುಡಿ ಮಾಡಿದ್ದು ಸರಿ.

ಬ್ರೋಷರಿನಲ್ಲಿ 'ಇಂಡಿಯನ್ ಡಿನ್ನರ್' ಅಂತ ಇದ್ದರೆ ಅದು ಪಂಜಾಬಿ ಊಟ ಅಂತ ತಿಳಿಯಿರಿ. ಹತ್ತು ದಿನ ಪನೀರ್, ಹತ್ತು ದಿನ ದಾಲ್. ಐದನೇ ದಿನಕ್ಕೆ ಗುಂಪಿನಲ್ಲಿ ಯಾರಾದರೂ ಮೊಸರನ್ನಕ್ಕೆ ಕಣ್ಣೀರು ಹಾಕುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಮೊಸರು ಸಿಗುತ್ತದೆ, ಕನಿಷ್ಠ ಅದನ್ನು ಸಂಜೆಯೇ ತಂದಿಟ್ಟುಕೊಳ್ಳಿ, ಭಾನುವಾರ ಅಂಗಡಿಗಳು ಬಾಗಿಲು. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ನಲ್ಲಿ ನೀರೇ ಕುಡಿಯುವ ನೀರು.

ಹೋದ ವರ್ಷ ನಮ್ಮ ಬಸ್ ಡ್ರೈವರ್ ರಾತ್ರಿ ಊಟ ಆದ ಮೇಲೆ ಊರು ಸುತ್ತಿಸಲು ಒಪ್ಪಲೇ ಇಲ್ಲ. ಟಿಪ್ಸ್ ಜಾಸ್ತಿ ಕೊಡುತ್ತೇವೆ ಅಂದರೂ ಇಲ್ಲ. ಇಷ್ಟು ಸೊಕ್ಕಾ? — ಓದುಗರು, ಬೆಂಗಳೂರು

ಸೊಕ್ಕಲ್ಲ, ಕಾನೂನು. ಡ್ರೈವರ್ ಸೀಟಿನ ಹತ್ತಿರ ಟ್ಯಾಕೋಗ್ರಾಫ್ ಅನ್ನುವ ಯಂತ್ರ ಇರುತ್ತದೆ. ಅವನ ಕಾರ್ಡ್ ಅದರೊಳಗೆ. ಚಕ್ರ ತಿರುಗಿದ ಪ್ರತಿ ನಿಮಿಷವೂ ಅದರಲ್ಲಿ ಬೀಳುತ್ತದೆ, ಪೊಲೀಸರು ದಾರಿಯಲ್ಲಿ ನಿಲ್ಲಿಸಿ ನೋಡುತ್ತಾರೆ. ದಿನಕ್ಕೆ ಓಡಿಸುವುದು ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತಾಗಬಹುದು. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ಬಿಡುವು. ರಾತ್ರಿ 11 ಗಂಟೆ ವಿಶ್ರಾಂತಿ, ಕೆಲವು ದಿನ ಮಾತ್ರ ಒಂಬತ್ತಕ್ಕೆ ಇಳಿಸಬಹುದು. ಅಂದರೆ ರಾತ್ರಿ ಒಂಬತ್ತಕ್ಕೆ ಬಸ್ ನಿಂತರೆ ಮರುದಿನ ಎಂಟರ ತನಕ ಅಲುಗಾಡುವಂತಿಲ್ಲ. ನಿಮ್ಮನ್ನು ರಾತ್ರಿ ಹತ್ತೂವರೆಗೆ ಬಿಟ್ಟಿದ್ದರೆ ಮರುದಿನ ಹೊರಡುವುದು ಒಂಬತ್ತೂವರೆಗೆ, ಮರುದಿನದ ಅರಮನೆಯ ಟಿಕೆಟ್ ಗೋವಿಂದ. ಬೆಳಿಗ್ಗೆ ಲಾಬಿಯಲ್ಲಿ ನಾನು ಬಡಕೊಳ್ಳುವುದು ಇದಕ್ಕೇ. ಕೆಲವರು ಕಾಫಿ ಮುಗಿಸಲು ಹತ್ತು ನಿಮಿಷ ತಗೊಳ್ಳುತ್ತಾರೆ, ಆ ಹತ್ತು ನಿಮಿಷ ಸಂಜೆ ಎಲ್ಲೋ ಒಂದು ಹಳೇ ಊರಿನಿಂದ ಕಡಿತ ಆಗುತ್ತದೆ.

ಹೋಟೆಲ್ ಎಲ್ಲಿದೆ ಅಂತ ಬುಕ್ ಮಾಡುವಾಗಲೇ ಕೇಳಿ. ಊರೊಳಗೆ ಇದ್ದರೆ ರಾತ್ರಿ ನೀವೇ ನಡೆದು ಸುತ್ತಬಹುದು. ಊರಾಚೆ ಹೆದ್ದಾರಿ ಪಕ್ಕ ಇದ್ದರೆ ಎಂಟು ಗಂಟೆಗೆ ಟಿವಿಯಲ್ಲಿ ಜರ್ಮನ್ ಸೀರಿಯಲ್.

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಚಿನ್ನದ ಚಾವಣಿ ನೋಡಿ ನಿರಾಸೆ ಆಯಿತು. ಒಂದು ಬಾಲ್ಕನಿ, ಅಷ್ಟೇ. — ಗೃಹಿಣಿ, ಮಂಗಳೂರು

ಹೌದು, ಎಲ್ಲರೂ ಮೊದಲು ಕೇಳುವುದೇ "ಇಷ್ಟೇನಾ?" ಅಂತ. ಅರಮನೆಯ ಸೂರೆಲ್ಲ ಚಿನ್ನ ಅಂದುಕೊಂಡು ಹೋದರೆ ಹಾಗೇ ಆಗುತ್ತದೆ. ಅದು 2,657 ತಾಮ್ರದ ಹಂಚಿಗೆ ಚಿನ್ನದ ಲೇಪ ಕೊಟ್ಟದ್ದು, 1500ರ ಸುಮಾರಿನದು. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕೆಳಗಿನ ಚೌಕದ ಆಟ ನೋಟ ನೋಡಲು ಕೂರುತ್ತಿದ್ದ ಜಾಗ. ಇನ್ನೊಂದು ಸಲ ಹೋದರೆ ಹಂಚು ಬಿಟ್ಟು ಬಾಲ್ಕನಿಯ ಕೆತ್ತನೆ ನೋಡಿ. ರಾಜನ ಜೊತೆ ಇಬ್ಬರು ಹೆಂಡತಿಯರು, ತೀರಿಹೋದ ಮೊದಲನೆಯವಳು ಮತ್ತು ಬದುಕಿದ್ದ ಎರಡನೆಯವಳು. ಎರಡನೆಯವಳು ಮಿಲಾನಿನ ಸ್ಫೋರ್ಜಾ ಮನೆತನದವಳು, ದೊಡ್ಡ ವರದಕ್ಷಿಣೆ ತಂದವಳು. ಬೆಲಿನ್ಜೋನಾದ ಗೋಡೆ ಅಂದೆನಲ್ಲ, ಅದನ್ನು ಬಲಪಡಿಸಿದ್ದೂ ಇದೇ ಮನೆತನ.

ಅಲ್ಲಿಂದ ಐದು ನಿಮಿಷ ನಡೆದರೆ ಹೋಫ್‌ಕಿರ್ಶೆ ಅನ್ನುವ ಚರ್ಚು. ನಿಮ್ಮ ಗುಂಪಿನವರು ಕರೆದೊಯ್ದಿರಲಿಕ್ಕಿಲ್ಲ, ಆ ಹೊತ್ತಿನಲ್ಲಿ ಹರಳಿನ ಒಡವೆ ಅಂಗಡಿಗೆ ಕರೆದೊಯ್ದಿರುತ್ತಾರೆ. ಒಳಗೆ ಕತ್ತಲಲ್ಲಿ 28 ಕಂಚಿನ ವಿಗ್ರಹಗಳು, ಆಳೆತ್ತರಕ್ಕಿಂತ ದೊಡ್ಡವು, ಎರಡೂ ಬದಿಗೆ ಸಾಲಾಗಿ ನಿಂತಿವೆ. ಮ್ಯಾಕ್ಸಿಮಿಲಿಯನ್‌ನ ವಂಶದವರು, ಅವನು ತನ್ನ ವಂಶಕ್ಕೆ ಸೇರಿಸಿಕೊಂಡವರು, ರಾಜ ಆರ್ಥರ್ ಕೂಡ ಇದ್ದಾನೆ. ಸಾವಿನ ಮನೆಗೆ ಬಂದವರು ಮಾತಾಡದೆ ನಿಂತ ಹಾಗೆ ನಿಂತಿದ್ದಾರೆ. ನಡುವೆ ಭಾರೀ ಸಮಾಧಿ. ತಮಾಷೆ ಅಂದರೆ ಆ ಸಮಾಧಿ ಖಾಲಿ. ರಾಜನನ್ನು ಹೂಳಿದ್ದು ದೂರದ ವೀನರ್ ನಾಯ್‌ಶ್ಟಾಟ್‌ನಲ್ಲಿ. ನನ್ನ ಮಟ್ಟಿಗೆ ಇನ್ಸ್‌ಬ್ರುಕ್ ಅಂದರೆ ಇದು.

ಷೆಂಗೆನ್ ವೀಸಾ ಯಾವ ದೇಶದ್ದು ಮಾಡಿಸಬೇಕು? — ಓದುಗರು, ತುಮಕೂರು

ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಅದು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಅಲ್ಲಿಯದು. ರಾತ್ರಿಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶದ್ದು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆ ರಜೆಗೆ ಹೋಗುವವರು ಹಾಗೇ ಮಾಡಿ. ಕನಿಷ್ಠ 30,000 ಯೂರೋ ವಿಮೆ ಬೇಕು. ಸ್ವಿಟ್ಜರ್ಲೆಂಡಿಗೂ ಅದೇ ವೀಸಾ ನಡೆಯುತ್ತದೆ, ದುಡ್ಡು ಮಾತ್ರ ಬೇರೆ, ಫ್ರಾಂಕ್.

ಯಾವ ಚಪ್ಪಲಿ? ಯಾವ ತಿಂಗಳು? — ಓದುಗರು, ಶಿವಮೊಗ್ಗ

ಚಪ್ಪಲಿ ಬೇಡ, ಎರಡು ತಿಂಗಳು ಹಾಕಿ ಸವೆಸಿದ ಶೂ. ಹಳೇ ಊರುಗಳ ನೆಲವೆಲ್ಲ ಗುಂಡುಕಲ್ಲು. ತಿಂಗಳು ಕೇಳಿದರೆ ಸೆಪ್ಟೆಂಬರ್ ಮೊದಲರ್ಧ. ಆಮೇಲೆ ಮ್ಯೂನಿಕ್‌ನಲ್ಲಿ ಬಿಯರ್ ಹಬ್ಬ ಶುರುವಾಗಿ ಹೋಟೆಲ್ ದರ ಆಕಾಶಕ್ಕೆ ಹೋಗುತ್ತದೆ.

ಇಷ್ಟು ವರ್ಷದಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದೀರಾ? — ಓದುಗರು, ಮಡಿಕೇರಿ

ನಿಮ್ಮ ಕಡೆಯವರೊಬ್ಬರನ್ನೇ! ಸೇನೆಯಿಂದ ನಿವೃತ್ತರಾದ ಸುಬೇದಾರರು, ಎಪ್ಪತ್ತಾರು ವರ್ಷ. ಲೂಸರ್ನ್‌ನ ಹಳೇ ಮರದ ಸೇತುವೆ ತನಕ ಜೊತೆಗಿದ್ದರು. ಆ ಸೇತುವೆ 1993ರಲ್ಲಿ ಸುಟ್ಟು ಅದರ ಹಳೇ ಚಿತ್ರಗಳು ಬಹುಪಾಲು ಹೋದವು, ಮರುವರ್ಷವೇ ಮತ್ತೆ ಕಟ್ಟಿದರು ಅಂತ ಹೇಳುತ್ತಾ ತಿರುಗಿ ನೋಡಿದರೆ ಸುಬೇದಾರರು ಇಲ್ಲ. ಒಂದು ಗಂಟೆ ಹುಡುಕಿದೆವು. ಸಿಕ್ಕಿದ್ದು ಸಿಂಹ ಸ್ಮಾರಕದ ಮುಂದಿನ ಬೆಂಚಿನಲ್ಲಿ. ಬೆಳಿಗ್ಗೆ ಅಲ್ಲಿ ನಮಗೆ ಹತ್ತು ನಿಮಿಷ ಫೋಟೋ ಸ್ಟಾಪ್ ಇತ್ತು. ಅವರು ಒಬ್ಬರೇ ದಾರಿ ಕೇಳಿಕೊಂಡು ವಾಪಸ್ ಹೋಗಿದ್ದರು.

ಬಂಡೆಯಲ್ಲಿ ಕೆತ್ತಿದ ಸಾಯುತ್ತಿರುವ ಸಿಂಹ ಅದು, ಬೆನ್ನಲ್ಲಿ ಮುರಿದ ಈಟಿ. 1792ರ ಆಗಸ್ಟ್ 10ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್ ರಾಜನ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸೈನಿಕರಿಗಾಗಿ ಮಾಡಿದ್ದು. ನಾನು ಬೈಯಬೇಕು ಅಂತಲೇ ಹೋದೆ. ಅವರು ನನ್ನನ್ನು ನೋಡಿ, "ಇವರು ಸಂಬಳಕ್ಕೆ ಹೋದ ಬೇರೆ ದೇಶದ ಸಿಪಾಯಿಗಳು ಅಲ್ವಾ ಮಗಾ?" ಅಂದರು. ಹೌದು ಅಂದೆ. "ನಮ್ಮವರೂ ಹಾಗೆ ಬ್ರಿಟಿಷರಿಗಾಗಿ ಹೋಗಿದ್ದರು," ಅಂದು ಟೋಪಿ ಹಾಕಿಕೊಂಡು ಎದ್ದರು. ಬೈಯಲಿಲ್ಲ.

ಒಂದೇ ಒಂದು ಕೋಟೆ ನೋಡಬಹುದು ಅಂದರೆ ಯಾವುದು? — ಓದುಗರು, ಶಿರಸಿ

ಶಿಯೋನ್. ಸ್ವಿಟ್ಜರ್ಲೆಂಡಿನಲ್ಲಿ ಮೊಂಟ್ರೋ ಊರಿನ ಹತ್ತಿರ, ಜಿನೀವಾ ಸರೋವರದ ನೀರಿಗೆ ಅಂಟಿಕೊಂಡ ಬಂಡೆಯ ಮೇಲಿದೆ. ಒಂದು ಕಡೆ ಬೆಟ್ಟ, ಒಂದು ಕಡೆ ನೀರು, ನಡುವೆ ಇಟಲಿ ಕಡೆ ಹೋಗುವ ದಾರಿಗೆ ಸಂದು ಇದ್ದಷ್ಟೇ ಜಾಗ. ಸವೋಯ್ ಮನೆತನದವರು ಅಲ್ಲಿ ಕೂತು ಸುಂಕ ಎತ್ತುತ್ತಿದ್ದರು. ಅವರನ್ನು ಎದುರು ಹಾಕಿಕೊಂಡ ಜಿನೀವಾದ ಬೊನಿವಾರ್ ಅನ್ನುವವನನ್ನು 1530ರಿಂದ 1536ರ ತನಕ ಇಲ್ಲಿ ಸೆರೆ ಇಟ್ಟಿದ್ದರು, ಕೊನೆಯ ನಾಲ್ಕು ವರ್ಷ ಕೆಳಗಿನ ಕಮಾನಿನ ನೆಲಮಾಳಿಗೆಯಲ್ಲಿ. 1816ರಲ್ಲಿ ಕವಿ ಬೈರನ್ ಬಂದು ನೋಡಿ ಅವನ ಮೇಲೆ ಕವನ ಬರೆದ. ಅಲ್ಲಿನ ಕಂಬದಲ್ಲಿ ಬೈರನ್ ಹೆಸರು ಕೆತ್ತಿದೆ, ಗಾಜು ಹಾಕಿ ಕಾಪಾಡಿದ್ದಾರೆ. ನಮ್ಮ ಹುಡುಗರು ಹಂಪಿಯ ಗೋಡೆ ಮೇಲೆ ಬರೆದರೆ ದಂಡ, ಕವಿ ಬರೆದರೆ ಗಾಜು. ಇರಲಿ. ಬಿಸಿಲಿರುವ ಮಧ್ಯಾಹ್ನ ಹೋದರೆ ಸಣ್ಣ ಕಿಂಡಿಗಳಿಂದ ಸರೋವರದ ಬೆಳಕು ಬಂದು ಮೇಲಿನ ಕಮಾನಿನ ಮೇಲೆ ಅಲೆಅಲೆಯಾಗಿ ಆಡುತ್ತಿರುತ್ತದೆ.

ನಿಮ್ಮೂರಿನ ಅಜ್ಜಿಯೊಬ್ಬರು ಒಮ್ಮೆ ನನ್ನ ಗುಂಪಿನಲ್ಲಿದ್ದರು. ನೆಲಮಾಳಿಗೆ, ಚಿತ್ರ ಬಿಡಿಸಿದ ಮಲಗುವ ಕೋಣೆ, ದೊಡ್ಡ ಊಟದ ಮನೆ ಎಲ್ಲ ನೋಡಿದರು, ಏನೂ ಮಾತಾಡಲಿಲ್ಲ. ಕೊನೆಗೆ ಮೇಲಿನ ಹಳೇ ಪಾಯಖಾನೆಯ ಹತ್ತಿರ ನಿಂತುಬಿಟ್ಟರು. ಮರದ ಹಲಗೆಯಲ್ಲಿ ತೂತು, ತೂತಿನ ಕೆಳಗೆ ಗೋಡೆಗುಂಟ ನೇರ ಸರೋವರ. ಬಗ್ಗಿ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು: "ತಂಗೀ, ಕುಡಿಯೋ ನೀರು ಯಾವ ಕಡೆಯಿಂದ ತರ್ತಿದ್ರು?"